ದಫ್ತರು ಕೆಟ್ಟರೆ ಹೊಲ ಹೋದೀತೆ?

ನಮ್ಮ ಅಂಬತ್ತೂರಿನ ಕೈಗಾರಿಕಾ ಎಸ್ಟೇಟು 1960ರ ದಶಕದಲ್ಲಿ ಹುಟ್ಟಿದುದು. ಅಂದು ಲೇತ್ ಯಂತ್ರಗಳ ಸದ್ದು ಮಾತ್ರವಿದ್ದ ಶೆಡ್ಡುಗಳಲ್ಲಿ ಇಂದು ಮೂಲೆಗೊಂದು ಕಂಪ್ಯೂಟರು ಕುಳಿತಿದೆ. ಸಂಬಳದ ಪಟ್ಟಿ, ಜಿ.ಎಸ್.ಟಿ. ಲೆಕ್ಕ ಎಲ್ಲವೂ ಅದರ ಹೊಟ್ಟೆಯಲ್ಲಿ. ಮನೆಗಳಲ್ಲಾದರೆ ಮಗಳ ಮದುವೆಯ ಚಿತ್ರಗಳು, ತೀರಿಕೊಂಡ ಹಿರಿಯರ ದನಿ. ಇಂಥ ಯಂತ್ರ ಒಂದು ಬೆಳಿಗ್ಗೆ ನೀಲಿ ಪರದೆ ತೋರಿಸಿ ನಿಂತುಬಿಟ್ಟರೆ, ರಿಪೇರಿಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ಅದಕ್ಕೆ ತಲೆಯಾಡಿಸುವ ಮುನ್ನ ವಾಚಕರು ಕೊಂಚ ತಾಳಬೇಕೆಂದು ನಮ್ಮ ಅರಿಕೆ.

ಹಿಂದಿನ ಕಾಲದಲ್ಲಿ ಯಾವ ಹೊಲ ಯಾರದು, ಕಂದಾಯವೆಷ್ಟು ಎಂಬುದೆಲ್ಲ ಶಾನುಭೋಗರ ದಫ್ತರಿನಲ್ಲಿ ಇರುತ್ತಿತ್ತಷ್ಟೆ. ವಿಂಡೋಸಿಗೂ ಅಂಥದೊಂದು ದಫ್ತರಿದೆ, ಹೆಸರು ರಿಜಿಸ್ಟ್ರಿ. 1995ರ ವಿಂಡೋಸ್ 95ರಿಂದ ಈಚೆಗೆ, ಯಾವ ಪ್ರೋಗ್ರಾಮು ಎಲ್ಲಿದೆ, ಯಂತ್ರ ಏಳುವಾಗ ಯಾರನ್ನು ಮೊದಲು ಕರೆಯಬೇಕು ಎಂಬ ಏರ್ಪಾಡೆಲ್ಲ ಅದರಲ್ಲಿ. ವೇಗ ಹೆಚ್ಚಲೆಂದು ಯಾವುದೋ ವೀಡಿಯೋ ನೋಡಿ ಅದರಲ್ಲಿ ಸಾಲೊಂದನ್ನು ಅಳಿಸುವ ಹುಮ್ಮಸ್ಸು ಹುಡುಗರಿಗೆ ಬರುವುದುಂಟು. ಹಿರಿಯರಿಗೂ ಬಾರದೆ ಇಲ್ಲ! ತಿದ್ದುವ ಸಾಧನವಾದ ರೆಜೆಡಿಟ್‌ನಲ್ಲಿ ಅಳಿಸಿದ್ದನ್ನು ಮರಳಿ ತರುವ ಗುಂಡಿಯೇ ಇಲ್ಲ. ಆದರೆ ದಫ್ತರಿಗೆ ಗೆದ್ದಲು ಹತ್ತಿದರೆ ಹೊಲದ ಪೈರು ಒಣಗುವುದಿಲ್ಲ. ಚಿತ್ರಗಳೂ ಲೆಕ್ಕಗಳೂ ಡಿಸ್ಕಿನಲ್ಲಿ ಇದ್ದಲ್ಲಿಯೇ ಇರುತ್ತವೆ. ಅವನ್ನು ಕಳೆಯುವುದು ಫಾರ್ಮ್ಯಾಟು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳುಹಿಸಿದ ಒಂದು ತಪ್ಪು ಕಡತದಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದುವು. ನಮ್ಮ ದೇಶದಲ್ಲಿ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಡಬೇಕಾಯಿತು. ಅದಕ್ಕೂ ಮದ್ದು ಫಾರ್ಮ್ಯಾಟಲ್ಲ. ಸೇಫ್ ಮೋಡಿನಲ್ಲಿ ಏಳಿಸಿ ಆ ಒಂದು ಕಡತವನ್ನು ಅಳಿಸುವುದಾಗಿತ್ತು.

ರಿಜಿಸ್ಟ್ರಿ ಕೆಟ್ಟಾಗಲೂ ದಾರಿ ಇದೇ ದಿಕ್ಕಿನದು. ಯಂತ್ರ ಎರಡು ಮೂರು ಸಲ ಏಳಲಾರದೆ ಸೋತರೆ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಮ್ ರಿಸ್ಟೋರ್. ತಿದ್ದುಪಡಿಗೆ ಹಿಂದಿನ ತಾರೀಖೊಂದನ್ನು ಆರಿಸಿದರೆ ದಫ್ತರು ಆ ದಿನದ ಸ್ಥಿತಿಗೆ ಮರಳುತ್ತದೆ. ಆಮೇಲೆ ಹಾಕಿಕೊಂಡ ಪ್ರೋಗ್ರಾಮುಗಳು ಹೋದಾವು, ಚಿತ್ರಗಳು ಹೋಗವು. ಆದರೆ ಸಿಸ್ಟಮ್ ಪ್ರೊಟೆಕ್ಷನ್ ಎಂಬುದು ಮೊದಲೇ ಚಾಲೂ ಇರದಿದ್ದರೆ ಅಂಥ ತಾರೀಖೇ ಸಿಗದು. ಅನೇಕ ಯಂತ್ರಗಳಲ್ಲಿ ಅದು ಇರುವುದಿಲ್ಲ. ಇಂದೇ ನೋಡಿಕೊಳ್ಳಿ.

'ರೆಗ್‌ಬ್ಯಾಕ್' ಫೋಲ್ಡರಿನಿಂದ ಹಳೆಯ ಪ್ರತಿಯನ್ನು ತಂದು ಹಾಕಿರೆಂಬ ಉಪದೇಶ ಈಗಲೂ ಹರಿದಾಡುತ್ತಿದೆ. 2018ರಿಂದ ವಿಂಡೋಸ್ 10 ಅಲ್ಲಿ ತಾನಾಗಿ ಪ್ರತಿ ಇಡುವುದನ್ನು ನಿಲ್ಲಿಸಿತು. ಅಲ್ಲಿರುವುವು ಬಹುಮಟ್ಟಿಗೆ ಬರಿಯ ಖಾಲಿ ಕಡತಗಳು. ಅವನ್ನು ತಂದು ಹಾಕಿದರೆ ಅರ್ಧ ಕೆಟ್ಟದ್ದು ಪೂರ್ತಿ ಕೆಡುತ್ತದೆ.

ಯಾವುದೂ ಫಲಿಸದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ಬೇಕಾದುದನ್ನೆಲ್ಲ ನಕಲು ಮಾಡಿಕೊಂಡ ಮೇಲೆ ಫಾರ್ಮ್ಯಾಟಿಗೆ ಒಪ್ಪಬಹುದು. ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಬೀಗವಿದ್ದರೆ ಮಾತ್ರ 48 ಅಂಕೆಗಳ ಕೀಲಿ ಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಆ ಕೀಲಿ ಎಲ್ಲಿಯೂ ಸಿಗದಿದ್ದರೆ ಯಾವ ರಿಪೇರಿಯವರೂ ಏನೂ ಮಾಡಲಾರರು. ಯಂತ್ರ ಸರಿಯಾಗಿರುವಾಗಲೇ ಆ ಅಂಕೆಗಳನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡುವುದು ಲೇಸು.