ವ್ಯಸನ ಬಿಡಿಸುವ ಮಾತ್ರೆ ಮೈಯಲ್ಲಿ ಉಳಿಯುವುದೇ?

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿನ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರಲ್ಲಿ ಕೆಲವರು ಒಂದು ಮಾತ್ರೆಯ ಹಾಳೆಯನ್ನು ಮುಂದಿಟ್ಟು ಕೇಳುವುದುಂಟು: “ಕುಡಿತ ಬಿಡಿಸೋಕೆ ಅಂತ ಮಗನಿಗೆ ಇದನ್ನು ಕೊಟ್ಟಿದ್ದಾರೆ. ದಿನಾ ನುಂಗಿದರೆ ಮೈಯಲ್ಲೇ ಕೂತು ಲಿವರ್ ಕೆಡಿಸಲ್ವಾ ಡಾಕ್ಟ್ರೇ? ನಿಲ್ಲಿಸಿ ನಿಮ್ಮ ಕಷಾಯ ಕೊಡಬಾರದಾ?” ಆತಂಕ ಸಹಜವಾದುದು. ಆದರೆ ಅದರಿಂದ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಸರಿಯಲ್ಲ.

ಆ ಮಾತ್ರೆಯ ಹೆಸರು ನಾಲ್ಟ್ರೆಕ್ಸೋನ್. ಅಫೀಮು, ಹೆರಾಯಿನ್‌ಗಳು ಮಿದುಳಿನ ಯಾವ ಗ್ರಾಹಕಗಳನ್ನು ಸೇರಿ ಅಮಲೇರಿಸುತ್ತವೆಯೋ ಅವುಗಳನ್ನೇ ಇದು ಮೊದಲು ಹಿಡಿದುಕೊಂಡು ದಾರಿ ಮುಚ್ಚುತ್ತದೆ. ಮದ್ಯದ ಸುಖಕ್ಕೂ ಇದೇ ಗ್ರಾಹಕಗಳ ಸಂಬಂಧವಿರುವುದರಿಂದ ಕುಡಿತದ ಹಂಬಲವನ್ನೂ ತಗ್ಗಿಸುತ್ತದೆ.

ನುಂಗಿದ ಔಷಧವು ಕರುಳಿನಿಂದ ನೇರವಾಗಿ ಯಕೃತ್ತನ್ನು ಸೇರುತ್ತದೆ. ರಂಜಕ ಪಿತ್ತದ ನೆಲೆಯೆಂದು ನಮ್ಮ ಶಾಸ್ತ್ರಗಳು ಹೇಳುವ ಈ ಯಕೃತ್ತಿನಲ್ಲೇ ಅದರ ಬಹುಪಾಲು ರೂಪಾಂತರ ಹೊಂದುತ್ತದೆ. ಮೂಲರೂಪದಲ್ಲಿ ರಕ್ತ ಸೇರುವುದು ಶೇಕಡ 5ರಿಂದ 40ರಷ್ಟು ಮಾತ್ರ. ಹೊಸ ರೂಪವಾದ 6-ಬೀಟಾ-ನಾಲ್ಟ್ರೆಕ್ಸೋಲ್‌ಗೂ ತಡೆಯುವ ಗುಣ ಸ್ವಲ್ಪಮಟ್ಟಿಗೆ ಉಂಟು. ರಕ್ತದಲ್ಲಿ ಮೂಲ ಔಷಧವು ಸುಮಾರು 4 ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಇದು ಅರ್ಧಕ್ಕಿಳಿಯಲು ಸುಮಾರು 13 ಗಂಟೆ ಬೇಕು. ಬಳಿಕ ಯಕೃತ್ತು ಇವಕ್ಕೆ ಗ್ಲುಕ್ಯುರೋನಿಕ್ ಆಮ್ಲವನ್ನು ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ಮಲದ ಮೂಲಕ ಹೋಗುವುದು ಅಲ್ಪ. ಹೀಗಾಗಿ ಈ ಮಾತ್ರೆ ಮೈಯಲ್ಲಿ ರಾಶಿ ಬೀಳುವುದಿಲ್ಲ.

ಹೊರಹೋಗುವುದರಿಂದಲೇ ಇನ್ನೊಂದು ಎಚ್ಚರಿಕೆಯೂ ಬೇಕಾಗುತ್ತದೆ. 50 ಮಿಲಿಗ್ರಾಂ ಮಾತ್ರೆಯ ರಕ್ಷಣೆ ಸುಮಾರು ಒಂದು ದಿನದ್ದು. ಬಿಟ್ಟರೆ ಎರಡು ಮೂರು ದಿನಗಳಲ್ಲಿ ಆ ತಡೆ ಇಲ್ಲವಾಗುತ್ತದೆ. ಅಫೀಮು ವರ್ಗದ ಚಟವಿದ್ದವರಿಗೆ ಇದು ಪ್ರಾಣದ ಪ್ರಶ್ನೆ: ಅಷ್ಟರಲ್ಲಿ ದೇಹವು ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ, ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಪ್ರಮಾಣವು ಉಸಿರನ್ನೇ ನಿಲ್ಲಿಸಬಹುದು. ಅಂಥವರು ಈ ಔಷಧವನ್ನು ಆರಂಭಿಸುವುದಕ್ಕೂ ಮುನ್ನ 7ರಿಂದ 10 ದಿನ ಆ ಪದಾರ್ಥಗಳಿಂದ ದೂರವಿರಬೇಕು. ಇಲ್ಲವಾದರೆ ತೀವ್ರ ಯಾತನೆ ತಪ್ಪದು. ಶಸ್ತ್ರಚಿಕಿತ್ಸೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಮಾರ್ಫಿನ್‌ನಂಥ ನೋವುನಿವಾರಕಗಳು ಕೆಲಸ ಮಾಡವು.

ಯಕೃತ್ತಿನ ಬಗೆಗಿನ ಅಂಜಿಕೆಯೂ ಅಕಾರಣವಲ್ಲ. ಆದ್ದರಿಂದಲೇ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಾರೆ. ತೀವ್ರ ಯಕೃತ್ ರೋಗವಿದ್ದವರಿಗೆ ಇದನ್ನು ಕೊಡುವುದಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಡಮಾಡದೆ ತೋರಿಸಬೇಕು. ಅವರಿಗೆ ಹೇಳದೆ ಜೊತೆಯಲ್ಲಿ ಕಷಾಯ, ಭಸ್ಮಗಳನ್ನು ಸೇವಿಸಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ. ಹಿತಾಹಾರ, ನಿದ್ರೆ, ದಿನಚರ್ಯೆಗಳಿಂದ ನಾವು ನೆರವಾಗಬಲ್ಲೆವೇ ಹೊರತು, ಆ ಮಾತ್ರೆಯ ಸ್ಥಾನದಲ್ಲಿ ನಮ್ಮ ಕಷಾಯವನ್ನು ಇಡಲಾರೆವು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟವನ್ನು ಹಾಕುವುದು ಸಂಕಲ್ಪ; ನಿತ್ಯವೂ ಮಾತ್ರೆ ತೆಗೆದುಕೊಳ್ಳುವುದು ಆ ಸಂಕಲ್ಪಕ್ಕೆ ಕಾವಲು. ಮನೆಯವರಲ್ಲಿ ಒಬ್ಬರು ದಿನವೂ ಎದುರಿನಲ್ಲಿದ್ದು, ಪ್ರೀತಿಯಿಂದ ಮಾತ್ರೆ ಕೊಡಲಿ. ನಿಲ್ಲಿಸುವ ಯೋಚನೆ ಬಂದರೆ ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿರಿ. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿರಿ.