ಪದವಿ ತರಗತಿಯಲ್ಲಿ ಪತ್ರಿಕೋದ್ಯಮ: ಹೈದರಾಬಾದಿನ ನಿದರ್ಶನ

ಪ್ರಜಾಪ್ರಭುತ್ವ ವ್ಯವಸ್ಥೆಯಲ್ಲಿ ವಾರ್ತೆಯು ಪ್ರಜೆಯ ನಿತ್ಯದ ಅವಶ್ಯಕತೆಗಳಲ್ಲೊಂದು. ಧಾನ್ಯದ ಧಾರಣೆ, ಮಳೆಯ ಮುನ್ಸೂಚನೆ, ಮಕ್ಕಳ ಶಾಲಾ ಪ್ರವೇಶ, ಚುನಾವಣೆ ಇವೇ ಮೊದಲಾದ ವಿಷಯಗಳಲ್ಲಿ ಜನರು ಕೈಗೊಳ್ಳುವ ತೀರ್ಮಾನಗಳು ಅವರಿಗೆ ದೊರೆತ ಸುದ್ದಿಯ ಸತ್ಯಾಸತ್ಯತೆಯನ್ನು ಅವಲಂಬಿಸಿರುತ್ತವೆ. ಇಂತಹ ಹೊಣೆಯುಳ್ಳ ವೃತ್ತಿಯನ್ನು ಕೈಗೊಳ್ಳಲು ಭಾರತದಲ್ಲಿ ಯಾವುದೇ ನಿರ್ದಿಷ್ಟ ಪದವಿಯನ್ನು ಕಾನೂನು ಕಡ್ಡಾಯಗೊಳಿಸಿಲ್ಲ. ವೈದ್ಯರಿಗೂ ವಕೀಲರಿಗೂ ಇರುವ ನೋಂದಣಿಯ ವಿಧಿ ಪತ್ರಕರ್ತರಿಗೆ ಇಲ್ಲ. ಸಂವಿಧಾನದ 19ನೆಯ ಅನುಚ್ಛೇದವು ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ನೀಡಿದೆ. 2013ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಅಂದಿನ ಅಧ್ಯಕ್ಷರು ಪತ್ರಕರ್ತರ ಕನಿಷ್ಠ ವಿದ್ಯಾರ್ಹತೆಯನ್ನು ಕುರಿತು ಸಮಿತಿಯೊಂದನ್ನು ನೇಮಿಸಿದಾಗ ದೇಶದಾದ್ಯಂತ ಚರ್ಚೆ ನಡೆಯಿತಾದರೂ ಅದು ಕಾನೂನಿನ ರೂಪ ಪಡೆಯಲಿಲ್ಲ.

ಹಾಗಿದ್ದ ಮೇಲೆ ಮೂರು ಅಥವಾ ನಾಲ್ಕು ವರ್ಷಗಳನ್ನು ವ್ಯಯಿಸಿ ಪದವಿ ಮಟ್ಟದಲ್ಲಿ ಪತ್ರಿಕೋದ್ಯಮವನ್ನು ಅಭ್ಯಸಿಸುವುದರ ಪ್ರಯೋಜನವೇನು ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲೂ ಪೋಷಕರಲ್ಲೂ ಮೂಡುವುದು ಸಹಜ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಬಹುಕಾಲದಿಂದ ವಿದ್ಯಾಕೇಂದ್ರವಾಗಿರುವ ಹೈದರಾಬಾದ್ ನಗರದ ನಿದರ್ಶನದಿಂದ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಹುದು.

ಶಿಕ್ಷಣಕ್ರಮದ ಬೆಳವಣಿಗೆ

ಭಾರತದಲ್ಲಿ ಪತ್ರಿಕೋದ್ಯಮವನ್ನು ಬಹುಕಾಲ ಕಚೇರಿಯಲ್ಲಿಯೇ ಕಲಿಯಲಾಗುತ್ತಿತ್ತು. ಹಿರಿಯ ಸಂಪಾದಕರ ಕೈಕೆಳಗೆ ಕರಡು ತಿದ್ದುತ್ತ ಯುವಕರು ವರದಿಗಾರರಾಗುತ್ತಿದ್ದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಆರಂಭಿಸಿದ 'ಮಂಗಳೂರು ಸಮಾಚಾರ'ದಿಂದ ಮೊದಲ್ಗೊಂಡು ಒಂದು ಶತಮಾನದವರೆಗೆ ಕನ್ನಡ ಪತ್ರಿಕೆಗಳೂ ಇದೇ ಕ್ರಮದಲ್ಲಿ ಬೆಳೆದುಬಂದವು. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾಯಿತು. ಸ್ವಾತಂತ್ರ್ಯ ಬಂದ ತರುವಾಯ ಮದರಾಸು, ಕಲ್ಕತ್ತ ವಿಶ್ವವಿದ್ಯಾನಿಲಯಗಳು ಈ ವಿಷಯವನ್ನು ಕೈಗೆತ್ತಿಕೊಂಡವು.

ಪದವಿ ಮಟ್ಟದ ಅಧ್ಯಯನದಲ್ಲಿ ಕರ್ನಾಟಕದ ಪಾತ್ರ ಗಮನಾರ್ಹವಾದುದು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜು ಪತ್ರಿಕೋದ್ಯಮವನ್ನು ಪದವಿ ತರಗತಿಯ ಒಂದು ವಿಷಯವನ್ನಾಗಿ ಅಳವಡಿಸಿಕೊಂಡಿತು. ಈ ಕಾರ್ಯದಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪ್ರಮುಖರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ 1954ರಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭಗೊಂಡಿತು. ಮೈಸೂರಿನಲ್ಲಿ ಪತ್ರಿಕೋದ್ಯಮವು ಇತರ ಮಾನವಿಕ ವಿಷಯಗಳ ಜೊತೆಗೆ ಕಲಿಯತಕ್ಕ ವಿಷಯವಾಗಿದ್ದರೆ, ಹೈದರಾಬಾದಿನಲ್ಲಿ ಅದು ಒಂದು ಪದವಿಯನ್ನು ಮುಗಿಸಿದವರಿಗೆ ನೀಡುವ ವೃತ್ತಿಶಿಕ್ಷಣವಾಗಿತ್ತು. ಉಸ್ಮಾನಿಯಾದಲ್ಲಿ ಬಿ.ಸಿ.ಜೆ. ಎಂದು ಪ್ರಸಿದ್ಧವಾದ ಒಂದು ವರ್ಷದ ಶಿಕ್ಷಣಕ್ರಮಕ್ಕೆ 'ಬ್ಯಾಚುಲರ್' ಎಂಬ ಹೆಸರಿದ್ದರೂ, ಅದನ್ನು ಸೇರಲು ಬೇರೊಂದು ಪದವಿ ಇರಬೇಕಾಗಿತ್ತು. ಕ್ರಮೇಣ ನಗರದ ಕಾಲೇಜುಗಳಲ್ಲಿ ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯ ನಂತರವೇ ಸೇರಬಹುದಾದ ಸಮೂಹ ಸಂವಹನದ ಬಿ.ಎ. ತರಗತಿಗಳು ಬಂದವು.

ಈ ಎರಡು ಮಾರ್ಗಗಳ ನಡುವಿನ ವ್ಯತ್ಯಾಸ ಇಂದಿಗೂ ವಿಚಾರಾರ್ಹವಾಗಿದೆ. ಮೊದಲು ಅರ್ಥಶಾಸ್ತ್ರವನ್ನೋ ವಿಜ್ಞಾನವನ್ನೋ ಓದಿದವರು ಬರೆಯಲು ಒಂದು ವಿಷಯವನ್ನು ಕೈಯಲ್ಲಿ ಹಿಡಿದುಕೊಂಡೇ ಪತ್ರಿಕೋದ್ಯಮಕ್ಕೆ ಬರುತ್ತಾರೆ. ಹದಿನೆಂಟರ ಹರೆಯದಲ್ಲಿಯೇ ಪತ್ರಿಕೋದ್ಯಮವನ್ನು ಆರಿಸಿಕೊಂಡವರಿಗೆ ಬರವಣಿಗೆಯ ಅಭ್ಯಾಸ ಬೇಗನೆ ಕೈಗೂಡುತ್ತದೆಯಾದರೂ ವಿಷಯಜ್ಞಾನವನ್ನು ಅವರು ಪ್ರತ್ಯೇಕವಾಗಿ ಗಳಿಸಬೇಕಾಗುತ್ತದೆ.

ಹೈದರಾಬಾದಿನ ಪತ್ರಿಕಾ ಪರಂಪರೆ

ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪನೆಯಾದಾಗ ಉರ್ದು ಅಲ್ಲಿನ ಬೋಧನ ಮಾಧ್ಯಮವಾಗಿತ್ತು. ಇದಕ್ಕಾಗಿ ಅದರ ಹಿಂದಿನ ವರ್ಷವೇ 'ದಾರುಲ್ ತರ್ಜುಮಾ' ಎಂಬ ಭಾಷಾಂತರ ಸಂಸ್ಥೆಯನ್ನು ಸ್ಥಾಪಿಸಿ, ನಾನಾ ಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತರಲಾಯಿತು. 1926ರಲ್ಲಿ ಸುರವರಂ ಪ್ರತಾಪರೆಡ್ಡಿಯವರ 'ಗೋಲ್ಕೊಂಡ ಪತ್ರಿಕ' ತೆಲುಗಿನಲ್ಲಿ ಹೊರಬಂದಿತು. ಉರ್ದುವಿನ 'ಸಿಯಾಸತ್' 1949ರಲ್ಲಿ ಆರಂಭವಾಯಿತು. ಹೀಗೆ ಹಲವು ಭಾಷೆಗಳ ಪತ್ರಿಕೆಗಳು ಒಂದೇ ನಗರದಲ್ಲಿ ಬೆಳೆದವು.

ಈ ಪರಂಪರೆಯಲ್ಲಿ ಶೋಯಬುಲ್ಲಾ ಖಾನ್ ಅವರ ಹೆಸರು ಸ್ಮರಣೀಯವಾದುದು. 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ಸಂಪಾದಕರಾಗಿದ್ದ ಅವರು ರಜಾಕಾರರ ಹಿಂಸೆಯನ್ನು ಖಂಡಿಸಿ, ಹೈದರಾಬಾದ್ ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಬೇಕೆಂದು ಬರೆದರು. 1948ರ ಆಗಸ್ಟ್ ತಿಂಗಳಲ್ಲಿ, ಸಂಸ್ಥಾನದ ವಿಮೋಚನೆಗೆ ಇನ್ನೂ ಕೆಲವೇ ವಾರಗಳಿರುವಾಗ, ಅವರನ್ನು ಹತ್ಯೆ ಮಾಡಲಾಯಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪತ್ರಿಕೆಯ ಒಂದು ಸಾಲಿಗೆ ಎಷ್ಟು ಬೆಲೆ ತೆರಬೇಕಾದೀತು ಎಂಬುದನ್ನು ಈ ನಗರದ ಇತಿಹಾಸವೇ ವಿದ್ಯಾರ್ಥಿಗೆ ತಿಳಿಸಿಕೊಡುತ್ತದೆ. ಅಂತಹ ಬೆಲೆ ತೆತ್ತು ಉಳಿಸಿಕೊಂಡ ಸ್ವಾತಂತ್ರ್ಯವನ್ನು ಪರಿಶೀಲಿಸದ ಸುದ್ದಿಗೆ ಬಳಸಿಕೊಳ್ಳುವುದು ಸಲ್ಲದು.

ತರಗತಿಯಲ್ಲಿ ಕಲಿಯುವುದೇನು?

ವರದಿಗಾರಿಕೆ, ಸಂಪಾದನೆ, ಪತ್ರಿಕಾ ಇತಿಹಾಸ, ಮಾಧ್ಯಮ ಕಾನೂನು, ಆಕಾಶವಾಣಿ ಮತ್ತು ದೂರದರ್ಶನಗಳಿಗೆ ಬರವಣಿಗೆ, ಜಾಹೀರಾತು, ಛಾಯಾಚಿತ್ರಣ ಇವು ಪಠ್ಯಕ್ರಮದ ಸಾಮಾನ್ಯ ಅಂಗಗಳು. ಇತ್ತೀಚಿನ ವರ್ಷಗಳಲ್ಲಿ ಅಂತರ್ಜಾಲ ಮಾಧ್ಯಮ ಹಾಗೂ ಸುಳ್ಳು ಸುದ್ದಿಯ ಪತ್ತೆ ಇವುಗಳೂ ಸೇರಿಕೊಂಡಿವೆ. ಇವೆಲ್ಲವುಗಳ ತಿರುಳು ಒಂದೇ: ಕೇಳಿದ್ದನ್ನು ಪರಿಶೀಲಿಸಿದ ನಂತರವೇ ಬರೆಯುವ ಅಭ್ಯಾಸ.

ಒಂದು ಕಲ್ಪಿತ ಪ್ರಸಂಗದಿಂದ ಇದು ಸ್ಪಷ್ಟವಾಗುತ್ತದೆ. ಬಡಾವಣೆಯೊಂದರಲ್ಲಿ ಕಲುಷಿತ ನೀರು ಕುಡಿದು ನೂರು ಮಂದಿ ಅಸ್ವಸ್ಥರಾದರೆಂದು ವಿದ್ಯಾರ್ಥಿಯೊಬ್ಬನು ಬರೆದು ತಂದನೆನ್ನೋಣ. ನೂರು ಎಂಬ ಸಂಖ್ಯೆಯನ್ನು ಎಣಿಸಿದವರು ಯಾರು, ಆಸ್ಪತ್ರೆಯ ದಾಖಲೆಯಲ್ಲಿ ಎಷ್ಟು ಹೆಸರುಗಳಿವೆ, ಕಾಯಿಲೆಗೆ ನೀರೇ ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂದಿದೆಯೆ, ನೀರು ಸರಬರಾಜು ಮಾಡುವ ಸಂಸ್ಥೆಯ ಅಭಿಪ್ರಾಯ ಕೇಳಲಾಗಿದೆಯೆ ಎಂದು ಅಧ್ಯಾಪಕರು ಪ್ರಶ್ನಿಸುತ್ತಾರೆ. ವಿದ್ಯಾರ್ಥಿ ಮತ್ತೆ ಹೋಗಿ ವಿಚಾರಿಸಿದಾಗ ಸಂಖ್ಯೆ ಮೂವತ್ತಕ್ಕೆ ಇಳಿಯಬಹುದು. ಆದರೆ ಒಡೆದ ಕೊಳವೆಯ ಬಗ್ಗೆ ನಿವಾಸಿಗಳು ತಿಂಗಳ ಹಿಂದೆಯೇ ದೂರು ಸಲ್ಲಿಸಿದ್ದರೆಂಬ ಹೆಚ್ಚು ಮಹತ್ವದ ಸಂಗತಿ ಹೊರಬೀಳಬಹುದು. ತಪ್ಪು ಮಾಡಿ ತಿದ್ದಿಕೊಳ್ಳುವ ಇಂತಹ ಅವಕಾಶ ತರಗತಿಯಲ್ಲಿ ದೊರೆಯುವಷ್ಟು ಕಚೇರಿಯಲ್ಲಿ ದೊರೆಯದು. ಅಲ್ಲಿ ಮರುದಿನ ಬೆಳಿಗ್ಗೆ ತಪ್ಪು ಮನೆಮನೆಗೂ ತಲುಪಿರುತ್ತದೆ.

ಕಾನೂನಿನ ತಿಳಿವಳಿಕೆಯೂ ಅಷ್ಟೇ ಅಗತ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಪ್ರಕಾರ ಮಾನಹಾನಿಯು ಅಪರಾಧವಾಗಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ನಿಷಿದ್ಧ. ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಗುರುತನ್ನು ಬಾಲ ನ್ಯಾಯ ಕಾಯಿದೆ ರಕ್ಷಿಸುತ್ತದೆ. ಇನ್ನೊಂದೆಡೆ, 2005ರ ಮಾಹಿತಿ ಹಕ್ಕು ಕಾಯಿದೆಯು ಸರ್ಕಾರಿ ದಾಖಲೆಗಳನ್ನು ಕೇಳಿ ಪಡೆಯುವ ಅಧಿಕಾರವನ್ನು ಎಲ್ಲ ನಾಗರಿಕರಿಗೂ ನೀಡಿದೆ. ಅರ್ಜಿ ಬರೆಯುವ ಕ್ರಮವನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಕಲಿತರೆ ಅದು ವೃತ್ತಿಯುದ್ದಕ್ಕೂ ಉಪಯೋಗಕ್ಕೆ ಬರುತ್ತದೆ.

ಭಾಷೆಯ ಪ್ರಶ್ನೆ

1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾಗುವವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗಾದರೋ ಸುಮಾರು 700 ಕಿಲೋಮೀಟರ್. ಈ ಕಾರಣದಿಂದ ಗಡಿಭಾಗದ ವಿದ್ಯಾರ್ಥಿಗಳು ಹೈದರಾಬಾದಿನತ್ತ ನೋಡುವುದು ಸ್ವಾಭಾವಿಕ. ಅಲ್ಲಿ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಬೀದಿಯಲ್ಲಿ ತೆಲುಗು, ಉರ್ದು ಕೇಳಿಬರುತ್ತವೆ. ಕನ್ನಡದ ವಿದ್ಯಾರ್ಥಿಗೆ ಇದು ಲಾಭವೂ ಹೌದು, ಎಚ್ಚರಿಕೆಯ ವಿಷಯವೂ ಹೌದು. ಮೂರು ನಾಲ್ಕು ಭಾಷೆಗಳಲ್ಲಿ ಜನರನ್ನು ಮಾತನಾಡಿಸಬಲ್ಲ ವರದಿಗಾರನಿಗೆ ಮಧ್ಯಸ್ಥರ ಹಂಗಿಲ್ಲ. ಆದರೆ ಇಂಗ್ಲಿಷಿನಲ್ಲಿ ಮಾತ್ರ ಬರೆಯಲು ಕಲಿತವನು ಊರಿಗೆ ಮರಳಿದಾಗ ತನ್ನ ಜನರ ಭಾಷೆಯಲ್ಲಿ ತಡವರಿಸಬೇಕಾಗುತ್ತದೆ.

ಕನ್ನಡ ಪತ್ರಿಕಾಲಯಗಳಲ್ಲಿ ವಾರ್ತಾಸಂಸ್ಥೆಗಳ ಇಂಗ್ಲಿಷ್ ಸುದ್ದಿಯನ್ನು ಭಾಷಾಂತರಿಸುವುದು ದಿನನಿತ್ಯದ ಕೆಲಸ. ಎರಡೂವರೆ ಬಿಲಿಯನ್ ಎಂದರೆ 250 ಕೋಟಿ. ಅವಸರದಲ್ಲಿ ಅದು 25 ಕೋಟಿಯಾದರೆ ಇಡೀ ವರದಿಯೇ ಸುಳ್ಳಾಗುತ್ತದೆ. ಆಪಾದಿತನನ್ನು ನ್ಯಾಯಾಲಯದ ತೀರ್ಪಿಗೆ ಮುನ್ನವೇ 'ಅಪರಾಧಿ' ಎಂದು ಬರೆದರೆ ಒಂದು ಪದದಿಂದ ಒಬ್ಬ ಮನುಷ್ಯನ ಬಾಳು ಹಾಳಾಗಬಹುದು. ಆದ್ದರಿಂದ ದಿನಕ್ಕೊಂದು ಸುದ್ದಿಯನ್ನು ಕನ್ನಡಕ್ಕೆ ತಂದು, ಅದನ್ನು ಪ್ರಕಟಿತ ವರದಿಗಳೊಡನೆ ಹೋಲಿಸಿ ನೋಡುವ ರೂಢಿ ಅತ್ಯಂತ ಉಪಯುಕ್ತವಾದುದು.

ಪ್ರವೇಶ ಬಯಸುವವರ ಗಮನಕ್ಕೆ

ತೆಲಂಗಾಣದ ಹೆಚ್ಚಿನ ಪದವಿ ಕಾಲೇಜುಗಳಿಗೆ 2016ರಿಂದ 'ದೋಸ್ತ್' ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪ್ರವೇಶ ನೀಡಲಾಗುತ್ತಿದೆ. ಹೊರರಾಜ್ಯದ ಅಭ್ಯರ್ಥಿಗಳು ತಮಗೆ ಅನ್ವಯಿಸುವ ನಿಯಮಗಳನ್ನೂ ಶುಲ್ಕವನ್ನೂ ಮುಂಚಿತವಾಗಿ ತಿಳಿದುಕೊಳ್ಳುವುದು ಒಳಿತು. ನಗರದಲ್ಲಿರುವ ಹೈದರಾಬಾದ್ ವಿಶ್ವವಿದ್ಯಾನಿಲಯವೂ 1998ರಲ್ಲಿ ಸ್ಥಾಪಿತವಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯವೂ ಕೇಂದ್ರೀಯ ವಿಶ್ವವಿದ್ಯಾನಿಲಯಗಳಾಗಿದ್ದು, ಎರಡರಲ್ಲಿಯೂ ಸಂವಹನ ಶಿಕ್ಷಣದ ಏರ್ಪಾಡಿದೆ.

ಕಾಲೇಜನ್ನು ಆರಿಸುವಾಗ ಕಟ್ಟಡದ ವೈಭವಕ್ಕಿಂತ ಕೆಲವು ಸರಳ ಪ್ರಶ್ನೆಗಳು ಮುಖ್ಯ. ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆ ಇದೆಯೆ? ಅಧ್ಯಾಪಕರಲ್ಲಿ ಪತ್ರಿಕಾಲಯದ ಅನುಭವವುಳ್ಳವರು ಇದ್ದಾರೆಯೆ? ಬರೆದ ವರದಿಯನ್ನು ತಿದ್ದಿ ಹಿಂತಿರುಗಿಸುವ ಪದ್ಧತಿ ಇದೆಯೆ? ಪತ್ರಿಕೋದ್ಯಮದ ಜೊತೆಗೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸಗಳಂತಹ ವಿಷಯವನ್ನು ಓದಲು ಅವಕಾಶವಿದೆಯೆ? ಪದವಿ ಪಡೆದ ಮಾತ್ರಕ್ಕೆ ಉದ್ಯೋಗ ಖಚಿತವೆಂದು ಯಾರೂ ಭಾವಿಸಬಾರದು. ಆರಂಭದ ವೇತನ ಸಾಮಾನ್ಯವಾಗಿ ಅಲ್ಪವಾಗಿಯೇ ಇರುತ್ತದೆ, ಕೆಲಸದ ವೇಳೆಗೆ ಹಗಲಿರುಳೆಂಬ ಭೇದವಿಲ್ಲ. ಇದನ್ನು ಪೋಷಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಯೋಚಿಸುವುದು ಲೇಸು.

ಇಂದು ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬರೂ ಕ್ಷಣಮಾತ್ರದಲ್ಲಿ ಸುದ್ದಿಯನ್ನು ಹರಡಬಲ್ಲರು. ಹರಡುವ ಮುನ್ನ ನಿಂತು, ಇದನ್ನು ಕಂಡವರು ಯಾರು, ಎಣಿಸಿದವರು ಯಾರು ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳುವುದು ಸ್ವಭಾವವೇ ಆಗುವಂತೆ ಮಾಡಿದರೆ, ಪತ್ರಿಕೋದ್ಯಮ ಪದವಿಗೆ ವ್ಯಯಿಸಿದ ವರ್ಷಗಳು ಸಾರ್ಥಕವಾಗುತ್ತವೆ. ಅಂತಹ ವಿದ್ಯಾರ್ಥಿ ಮುಂದೆ ಪತ್ರಿಕಾಲಯವನ್ನು ಸೇರಲಿ, ಬೇರೆ ಉದ್ಯೋಗವನ್ನು ಕೈಗೊಳ್ಳಲಿ, ಸಮಾಜಕ್ಕೆ ಒಬ್ಬ ವಿವೇಕಯುತ ನಾಗರಿಕನಂತೂ ದೊರೆಯುತ್ತಾನೆ.