ಬ್ರೇಕ್ ದುರಸ್ತಿಯ ನಂತರ ಕಾರು ನಡುಗಿದರೆ

ದೆಹಲಿಯ ಕಶ್ಮೀರಿ ಗೇಟ್ ಬಿಡಿಭಾಗಗಳ ಮಾರುಕಟ್ಟೆಯಿಂದ ಹೊಸ ಬ್ರೇಕ್ ಡಿಸ್ಕ್‌ಗಳನ್ನು, ಅಂದರೆ ಚಕ್ರದೊಡನೆ ತಿರುಗುವ ಲೋಹದ ತಟ್ಟೆಗಳನ್ನು, ತಂದು ಜೋಡಿಸಿದ ಕಾರು ನಗರದ ದಟ್ಟಣೆಯಲ್ಲಿ ಸರಾಗವಾಗಿ ಓಡಿದರೂ, ಗ್ರೇಟರ್ ನೋಯ್ಡಾದಿಂದ ಆಗ್ರಾದತ್ತ ಸಾಗುವ, 2012ರಲ್ಲಿ ಸಂಚಾರಕ್ಕೆ ತೆರೆದ ಯಮುನಾ ಎಕ್ಸ್‌ಪ್ರೆಸ್‌ವೇಯ ವೇಗದಲ್ಲಿ ನಡುಗಬಹುದು.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಮುಂದಿನ ಡಿಸ್ಕ್‌ಗಳನ್ನೂ, ಒತ್ತದಿದ್ದಾಗಲೂ ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಅದುರಿದರೆ ಚಕ್ರದ ಬ್ಯಾಲೆನ್ಸಿಂಗ್, ಟೈರ್ ಹಾಗೂ ನಟ್‌ಗಳ ಬಿಗಿತವನ್ನೂ ಮೊದಲು ಪರೀಕ್ಷಿಸಬೇಕು. ಡಿಸ್ಕ್ ಕೂರುವ ಹಬ್‌ನ ಮೇಲೆ ಉಳಿದ ತುಕ್ಕು ತಟ್ಟೆಯನ್ನು ಓರೆಯಾಗಿಸುತ್ತದೆ. ರನ್‌ಔಟ್ ಎಂಬ ಈ ಓಲಾಟವನ್ನು ಡಯಲ್ ಗೇಜಿನಿಂದ ಅಳೆಯುತ್ತಾರೆ, ಏಕೆಂದರೆ ಸುಮಾರು 0.1 ಮಿ.ಮೀ.ನಷ್ಟು ಸಣ್ಣ ಓಲಾಟವೂ ಕಾಲಕ್ರಮೇಣ ತಟ್ಟೆಯ ದಪ್ಪವನ್ನು ಅಸಮಗೊಳಿಸಬಲ್ಲದು. ಆದ್ದರಿಂದ ಹಬ್ಬನ್ನು ಶುಚಿಗೊಳಿಸಿ, ತಯಾರಕರು ಸೂಚಿಸಿದ ಬಲಕ್ಕೆ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುವುದು ಅಗತ್ಯ. ನಡುಕದ ಕಾರಣ ತಿಳಿಯುವವರೆಗೆ ಕಾರನ್ನು ಹೆದ್ದಾರಿಗೆ ಒಯ್ಯಬಾರದು.